ಬೋಟ್ ಮಾಲಕರನ್ನ ಬಿಟ್ಟುಕೊಡದ ಅಪ್ಪನಿಗೆ ‘ಮಿಥ್ಯಾ ಪ್ರಜ್ಞೆ’ ಅನ್ನಬಹುದಾ?

ಪ್ರಶ್ನೆ: ನಮ್ಮೂರು ಅಂಕೋಲಾ ಹತ್ರ. ಅಪ್ಪ ಸುಮಾರು ವರ್ಷದಿಂದ ಪರ್ಸೀನ್ ಬೋಟಲ್ಲಿ (ಮೀನಿನ ಗುಂಪನ್ನ ಸುತ್ತುವರಿದು ಹಿಡಿಯೋ ದೊಡ್ಡ ಬಲೆಯ ಬೋಟು) ಖಲಾಸಿ, ಅಂದ್ರೆ ಬೋಟಿನ ಕೆಲಸಗಾರ. ಮಾಲಕರ ಬಗ್ಗೆ ಮನೆಲಿ ಯಾರಾದ್ರೂ ಒಂದು ಮಾತಾಡಿದ್ರೆ ಸಿಟ್ಟಾಗ್ತಾರೆ, ಅಕ್ಕನ ಮದುವೆಗೆ ದುಡ್ಡು ಕೊಟ್ಟವ್ರು ಅವ್ರೇ ಅಂತಾರೆ. ನಾನು ಕಾರವಾರದಲ್ಲಿ ಎಂಎ ಓದ್ತಿದೀನಿ, ಅಲ್ಲೊಂದು ಸ್ಟಡಿ ಸರ್ಕಲ್‌ನಲ್ಲಿ ಈ ವಿಷ್ಯ ಹೇಳ್ದಾಗ ಒಬ್ರು “ನಿಮ್ಮಪ್ಪಂಗಿರೋದು ಮಿಥ್ಯಾ ಪ್ರಜ್ಞೆ, ಮಾರ್ಕ್ಸ್ ಹೇಳಿದ್ದು ಅದನ್ನೇ” ಅಂದ್ರು. ತುಂಬಾ ಬೇಜಾರಾಯ್ತು. ಮಾರ್ಕ್ಸ್ ನಿಜವಾಗ್ಲೂ ಹಂಗೆ ಹೇಳಿದಾರಾ? ಎಲ್ಲಾನೂ ಆರ್ಥಿಕತೆನೇ ತೀರ್ಮಾನ ಮಾಡೋದಾದ್ರೆ ಐಡಿಯಾಲಜಿ, ಅಂದ್ರೆ ಜನ ಲೋಕವನ್ನ ಅರ್ಥ ಮಾಡ್ಕೊಳ್ಳೋ ವಿಚಾರಗಳ ಕಟ್ಟು, ಅದರ ಬಗ್ಗೆ ಇಷ್ಟೊಂದು ಚರ್ಚೆ ಎಂತಕ್ಕೆ? ಮತ್ತೆ ಮಾರ್ಕ್ಸ್‌ವಾದನೂ ಒಂದು ಐಡಿಯಾಲಜಿನೇ ಅಲ್ವಾ?

ಉತ್ತರ:

ಬೇಜಾರಾಗಿದ್ದು ಸರಿಯಾಗೇ ಇದೆ. ಮಾರ್ಕ್ಸ್ ಹಂಗೆ ಹೇಳಿಲ್ಲ. ‘ಮಿಥ್ಯಾ ಪ್ರಜ್ಞೆ’ (ಫಾಲ್ಸ್ ಕಾನ್ಷಿಯಸ್‌ನೆಸ್, ತನ್ನ ನಿಜ ಸ್ಥಿತಿ ತನಗೇ ಕಾಣದ ಅರಿವು) ಅನ್ನೋ ಮಾತು ಬರೋದು ಮಾರ್ಕ್ಸ್ ಜೊತೆಗಾರ ಎಂಗೆಲ್ಸ್ 1893ರ ಜುಲೈನಲ್ಲಿ ಫ್ರಾಂಜ್ ಮೆಹ್ರಿಂಗ್ ಅನ್ನೋರಿಗೆ ಬರೆದ ಒಂದು ಪತ್ರದಲ್ಲಿ, ಆಗ ಮಾರ್ಕ್ಸ್ ತೀರಿಕೊಂಡು ಹತ್ತು ವರ್ಷ ಆಗಿತ್ತು. ಆ ಪತ್ರದಲ್ಲೂ ಎಂಗೆಲ್ಸ್ ಮಾತಾಡ್ತಿರೋದು ಕೂಲಿಯವರ ಬಗ್ಗೆ ಅಲ್ಲ, ಚಿಂತಕರ ಬಗ್ಗೆ. ತತ್ವಜ್ಞಾನಿ, ಕಾನೂನು ಪಂಡಿತ, ಧರ್ಮಶಾಸ್ತ್ರ ಬರೆಯೋನು, ಇವರೆಲ್ಲ ತಮ್ಮ ವಿಚಾರ ತಮ್ಮ ತಲೆಯಿಂದ, ಹಿಂದಿನ ಗ್ರಂಥಗಳಿಂದ ಶುದ್ಧವಾಗಿ ಹುಟ್ಟಿದ್ದು ಅಂದ್ಕೊಂಡಿರ್ತಾರೆ, ಆದ್ರೆ ಆ ವಿಚಾರವನ್ನ ನಿಜವಾಗಿ ತಳ್ತಾ ಇರೋ ಶಕ್ತಿ ಯಾವುದು ಅಂತ ಅವ್ರಿಗೇ ಗೊತ್ತಿರಲ್ಲ, ಇಷ್ಟು ಅವರ ವಾದ. ಅಂದ್ರೆ ಪುಸ್ತಕ ಓದೋರಿಗೆ, ಸ್ಟಡಿ ಸರ್ಕಲ್ ನಡೆಸೋರಿಗೆ, ನನ್ನಂಥ ಉತ್ತರ ಬರೆಯೋರಿಗೆ ಹೇಳಿದ ಎಚ್ಚರಿಕೆ ಅದು. ಅದನ್ನ ತಿರುಗಿಸಿ ಸಮುದ್ರಕ್ಕೆ ಹೋಗಿ ಬರೋ ಮನುಷ್ಯನ ಹಣೆಗೆ ಅಂಟಿಸಿದ್ದು ಆಮೇಲಿನ ನೂರು ವರ್ಷದ ಕೆಲಸ, ಮತ್ತೆ ಅದರಿಂದ ಎಡಪಂಥೀಯ ಸಂಘಟನೆಗಳಿಗೆ ಆಗಿರೋ ನಷ್ಟ ಸಣ್ಣದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಂಗಾದ್ರೆ ಮಾರ್ಕ್ಸ್ ಏನ್ ಹೇಳಿದ್ರು ನೋಡೋಣ. 1845-46ರಲ್ಲಿ ಬ್ರಸೆಲ್ಸ್‌ನಲ್ಲಿದ್ದಾಗ ಮಾರ್ಕ್ಸ್ ಮತ್ತು ಎಂಗೆಲ್ಸ್ ಸೇರಿ ‘ಜರ್ಮನ್ ಐಡಿಯಾಲಜಿ’ ಅಂತ ಒಂದು ದೊಡ್ಡ ಹಸ್ತಪ್ರತಿ ಬರೆದ್ರು, ಪ್ರಕಾಶಕರು ಸಿಗಲಿಲ್ಲ, ಇಲಿ ಕಡಿಯೋಕೆ ಬಿಟ್ವಿ ಅಂತ ಮಾರ್ಕ್ಸೇ ಆಮೇಲೆ ಬರ್ಕೊಂಡಿದಾರೆ, ಅದು ಪೂರ್ತಿಯಾಗಿ ಅಚ್ಚಾಗಿದ್ದು 1932ರಲ್ಲಿ. ಅದರ ಮುನ್ನುಡಿಯಲ್ಲಿ ಒಂದು ಕಥೆ ಬರುತ್ತೆ, ಕರಾವಳಿಯವರಿಗೆ ತಟ್ಟನೆ ಅರ್ಥ ಆಗುತ್ತೆ. ಒಬ್ಬ ಧೀರ ಇದ್ನಂತೆ, ಜನ ನೀರಲ್ಲಿ ಮುಳುಗಿ ಸಾಯೋದು ಅವರ ತಲೇಲಿ ಗುರುತ್ವಾಕರ್ಷಣೆ ಅನ್ನೋ ವಿಚಾರ ಹೊಕ್ಕಿರೋದ್ರಿಂದ, ಆ ಮೂಢನಂಬಿಕೆ ಬಿಡಿಸಿದ್ರೆ ಯಾರೂ ಮುಳುಗಲ್ಲ ಅಂತ ಅವನ ಸಿದ್ಧಾಂತ, ಜೀವಮಾನವಿಡೀ ಅದಕ್ಕಾಗೇ ಹೋರಾಡಿದ. ಮಾರ್ಕ್ಸ್ ಇಲ್ಲಿ ತೋರಿಸ್ತಿರೋದು ತಮ್ಮ ಕಾಲದ ತರುಣ ಹೆಗೆಲ್‌ವಾದಿಗಳನ್ನ, ಅಂದ್ರೆ ಜರ್ಮನ್ ತತ್ವಜ್ಞಾನಿ ಹೆಗೆಲ್‌ನ ದಾರಿ ಹಿಡಿದ ಎಳೆಯ ಚಿಂತಕರನ್ನ. ಜನರ ತಲೆಯಲ್ಲಿರೋ ತಪ್ಪು ವಿಚಾರ ತೆಗೆದುಹಾಕಿದ್ರೆ ಜನ ಬಿಡುಗಡೆ ಆಗ್ತಾರೆ ಅಂತ ಅವರು ನಂಬಿದ್ರು. ಮಾರ್ಕ್ಸ್ ಅಲ್ಲ ಅಂದ್ರು. ನೀರು ಹಾಗೇ ಇರುವಾಗ ಬರೀ ವಿಚಾರ ತೆಗೆದ್ರೆ ಮನುಷ್ಯ ಮುಳುಗೋದು ತಪ್ಪಲ್ಲ. ಈಗ ನೀವೇ ನೋಡಿ, “ನಿಮ್ಮಪ್ಪನ ತಲೆಯಲ್ಲಿರೋದು ಸುಳ್ಳು, ಅದನ್ನ ತೆಗೀಬೇಕು” ಅಂದ ಆ ಸ್ಟಡಿ ಸರ್ಕಲ್‌ನವರು ಮಾರ್ಕ್ಸ್ ಪಕ್ಕ ನಿಂತಿದಾರಾ, ಆ ಧೀರನ ಪಕ್ಕಾನಾ?

ಅದೇ ಹಸ್ತಪ್ರತಿಯಲ್ಲಿ ಎಲ್ಲರೂ ಉದ್ಧರಿಸೋ ಇನ್ನೊಂದು ಮಾತಿದೆ, ಯಾವ ಕಾಲದಲ್ಲೂ ಆಳೋ ವರ್ಗದ ವಿಚಾರಗಳೇ ಆ ಕಾಲವನ್ನ ಆಳೋ ವಿಚಾರಗಳು ಅಂತ. ಯಾರ ಕೈಲಿ ಉತ್ಪಾದನೆಯ ಸಾಧನ ಇದ್ಯೋ ಅವರ ಕೈಲೇ ವಿಚಾರ ಹರಡೋ ಸಾಧನಾನೂ ಇರತ್ತೆ, ಪತ್ರಿಕೆ, ಶಾಲೆ, ಮಠ, ಈಗಿನ ಕಾಲಕ್ಕೆ ಮೊಬೈಲು. ಇದು ನಿಜಾನೇ. ಆದ್ರೆ ಬರೀ ಇಷ್ಟಕ್ಕೇ ನಿಂತ್ರೆ ಐಡಿಯಾಲಜಿ ಅಂದ್ರೆ ಮೇಲಿನವರು ಹೇಳೋ ಸುಳ್ಳು, ಕೆಳಗಿನವರು ಅದನ್ನ ನಂಬೋ ದಡ್ಡರು ಅನ್ನೋ ಚಿತ್ರ ಬರತ್ತೆ, ಅದು ಭಾಳ ಬಡವಾದ ಚಿತ್ರ. ಮಾರ್ಕ್ಸ್ ಅಲ್ಲಿಗೇ ನಿಲ್ಲಲಿಲ್ಲ. 1867ರಲ್ಲಿ ಬಂದ ‘ಕ್ಯಾಪಿಟಲ್’ ಮೊದಲ ಸಂಪುಟದಲ್ಲಿ ಅವರು ತೋರಿಸೋದು ಇದಕ್ಕಿಂತ ತುಂಬಾ ಆಳದ್ದು, ಯಾರೂ ಸುಳ್ಳು ಹೇಳದೇನೂ ದಿನನಿತ್ಯದ ಕೊಡುಕೊಳ್ಳುವಿಕೆಯಿಂದಲೇ ಒಂದು ತೋರಿಕೆ ಹುಟ್ಕೊಳ್ಳತ್ತೆ, ಆ ತೋರಿಕೆ ಮಾಲಕನಿಗೂ ಆಳಿಗೂ ಒಂದೇ ಥರ ಕಾಣತ್ತೆ.

ಇದನ್ನ ನಿಮ್ಮಪ್ಪನ ಬೋಟ್ ಮೇಲೇ ಇಟ್ಟು ನೋಡೋಣ. ನಮ್ಮ ಕಡೆ ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರ, ಭಟ್ಕಳದ ತನಕ ಬೋಟ್ ಕೆಲಸಕ್ಕೆ ಹೆಚ್ಚಾಗಿ ತಿಂಗಳ ಸಂಬಳ ಅಂತ ಇರಲ್ಲ, ಪಾಲು ಲೆಕ್ಕ. ಮೀನು ಮಾರಿ ಬಂದ ದುಡ್ಡಲ್ಲಿ ಮೊದಲು ಡೀಸೆಲ್ಲು, ಐಸು, ರೇಶನ್ ಖರ್ಚು ಕಳೀತಾರೆ, ಉಳಿದಿದ್ದರಲ್ಲಿ ಬೋಟಿಗೆ, ಬಲೆಗೆ ಅಂತ ಮಾಲಕರ ಪಾಲು, ಆಮೇಲೆ ತಾಂಡೇಲಂಗೆ (ಬೋಟ್ ನಡೆಸೋ ಮುಖ್ಯಸ್ಥ), ಖಲಾಸಿಗಳಿಗೆ. ಪಾಲಿನ ಪ್ರಮಾಣ ಬಂದರಿಂದ ಬಂದರಿಗೆ, ಬೋಟಿಂದ ಬೋಟಿಗೆ ಬೇರೆ. ಬರೀ ಉದಾಹರಣೆಗೆ ಅಂತ ಒಂದು ಲೆಕ್ಕ ಹಾಕ್ಕೊಳ್ಳಿ, ಒಂದು ಟ್ರಿಪ್ಪಿಗೆ 1 ಲಕ್ಷದ ಬಂಗಡೆ ಬಿತ್ತು, ಖರ್ಚು 50 ಸಾವಿರ, ಉಳಿದ 50 ಸಾವಿರದಲ್ಲಿ ಅರ್ಧ ಮಾಲಕರಿಗೆ, ಮಿಕ್ಕ 25 ಸಾವಿರ ಇಪ್ಪತ್ತೈದು ಜನರಿಗೆ. ಎಲ್ಲ ಕಣ್ಣ ಮುಂದೆನೇ ನಡೀತು, ಯಾರೂ ಕದೀಲಿಲ್ಲ, ಮೀನು ಬಿದ್ರೆ ಎಲ್ರಿಗೂ, ಬೀಳದಿದ್ರೆ ಯಾರಿಗೂ ಇಲ್ಲ. ಇದರಲ್ಲಿ ಕೆಲಸಗಾರನಿಗೆ ತಾನು ಕೂಲಿಯವನು ಅನ್ನಿಸೋದೇ ಇಲ್ಲ, ಪಾಲುದಾರ ಅನ್ಸತ್ತೆ, ಹಂಗನ್ನಿಸೋಕೆ ಕಾರಣಾನೂ ಇದೆ, ಅಪಾಯವನ್ನ ಅವನು ನಿಜವಾಗ್ಲೂ ಹಂಚ್ಕೊಳ್ತಿದಾನೆ. ಆದ್ರೆ ಪಾಲಿಗೆ ಮುಂಚೆ ಕಳೆದ ಖರ್ಚಲ್ಲಿ ಖಲಾಸಿನೂ ಡೀಸೆಲ್ ದುಡ್ಡು ಕೊಟ್ಟಂಗಾಯ್ತು, ಬೋಟ್ ಮಾತ್ರ ಅವನದಾಗಲಿಲ್ಲ, ಹತ್ತು ವರ್ಷ ಆದ್ಮೇಲೂ ಆಗಲ್ಲ. ಮೀನು ಬೀಳದ ದಿನ ಅವನ ಶ್ರಮಕ್ಕೆ ಬೆಲೆನೇ ಇಲ್ಲ, ನಷ್ಟದಲ್ಲಿ ಪಾಲುದಾರ, ಆಸ್ತಿಯಲ್ಲಿ ಅಲ್ಲ. ‘ಕ್ಯಾಪಿಟಲ್’ನಲ್ಲಿ ತುಂಡುಗೂಲಿ ಬಗ್ಗೆ ಒಂದು ಅಧ್ಯಾಯ ಇದೆ, ಮಾಡಿದಷ್ಟಕ್ಕೆ ಕೂಲಿ ಅನ್ನೋ ಪದ್ಧತಿಯಲ್ಲಿ ಕೆಲಸಗಾರ ತಾನಾಗೇ ಜಾಸ್ತಿ ದುಡೀತಾನೆ, ಮೇಲೆ ನಿಂತು ನೋಡ್ಕೊಳ್ಳೋ ಜನ ಬೇಕಾಗಲ್ಲ, ಮತ್ತೆ ತನ್ನ ಶ್ರಮಕ್ಕೆ ಪೂರ್ತಿ ದುಡ್ಡು ಬಂತು ಅಂತ್ಲೇ ಅನ್ಸತ್ತೆ ಅಂತ ಮಾರ್ಕ್ಸ್ ವಿವರಿಸ್ತಾರೆ. ಪಾಲು ಲೆಕ್ಕಕ್ಕೆ ಇದು ಎಷ್ಟು ಹತ್ರ ಇದೆ ನೋಡಿ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಇತಿಹಾಸಾನೂ ಇದೆ. ಮುಂಚೆ ರಂಪಣಿ ಬಲೆ ಇತ್ತು, ದಡದಿಂದ ಎಳೆಯೋ ದೊಡ್ಡ ಬಲೆ, ಹತ್ತಾರು ಜನ ಒಟ್ಟಿಗೆ ನಿಂತು ಎಳೀಬೇಕು, ಹಲವು ಕಡೆ ಬಲೆಯಲ್ಲೇ ಹಲವರ ಪಾಲಿತ್ತು, ಬಿದ್ದ ಮೀನು ಊರಿಗೆ ಹಂಚ್ತಿದ್ರು. 1970ರ ದಶಕದಲ್ಲಿ ಪರ್ಸೀನ್ ಬಂದ್ಮೇಲೆ ರಂಪಣಿಯವರಿಗೂ ಪರ್ಸೀನ್‌ನವರಿಗೂ ದೊಡ್ಡ ಜಗಳಾನೇ ನಡೀತು, ಕೊನೆಗೆ ರಂಪಣಿ ಹೆಚ್ಚುಕಮ್ಮಿ ಮರೆಯಾಯ್ತು. ಪಾಲು ಅನ್ನೋ ಪದ್ಧತಿ ಮಾತ್ರ ಉಳೀತು, ಬಲೆಯ ಒಡೆತನ ಬದಲಾದ್ರೂ ಹಂಚಿಕೆಯ ರೂಪ ಹಳೇದೇ. ಐಡಿಯಾಲಜಿ ಹಿಂಗೇ ಕೆಲಸ ಮಾಡೋದು, ಒಂದು ಕಾಲದಲ್ಲಿ ನಿಜವಾಗಿದ್ದ ಸಮಾನತೆಯ ನೆನಪು ಇನ್ನೊಂದು ಕಾಲದ ಅಸಮಾನತೆಯನ್ನ ಸಹಿಸೋ ಹಂಗೆ ಮಾಡತ್ತೆ. ಜೊತೆಗೆ ಮೀನುಗಾರ ಜಾತಿಗಳಲ್ಲಿ ಮಾಲಕರೂ ಖಾರ್ವಿ, ಖಲಾಸಿನೂ ಖಾರ್ವಿ ಆಗಿದ್ರೆ, ಇಲ್ಲಾ ಇಬ್ರೂ ಹರಿಕಂತ್ರರೇ ಆಗಿದ್ರೆ, ಒಂದೇ ದೇವಸ್ಥಾನ, ಒಂದೇ ಬಂಡಿಹಬ್ಬ, ಎಲ್ಲೋ ದೂರದ ಸಂಬಂಧ ಬೇರೆ. ಅಲ್ಲಿ ವರ್ಗ ಅನ್ನೋದು ಕಣ್ಣಿಗೆ ಕಾಣಿಸೋದಾದ್ರೂ ಹೆಂಗೆ?

ಗೇಣಿ ಕಾಲಕ್ಕೆ ಹೋಲಿಸಿದ್ರೆ ಇದು ಇನ್ನೂ ಸ್ಪಷ್ಟ ಆಗತ್ತೆ, ಇದು ಮಾರ್ಕ್ಸ್ ವಿಚಾರದಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋ ಜಾಗ, ಸ್ವಲ್ಪ ನಿಧಾನವಾಗಿ ಓದಿ. ಮಾರ್ಕ್ಸ್ ಮೂರು ಥರದ ದುಡಿಮೆ ಹೋಲಿಸ್ತಾರೆ. ಜೀತಗಾರ ವಾರದಲ್ಲಿ ಕೆಲವು ದಿನ ತನ್ನ ಹೊಲದಲ್ಲಿ, ಕೆಲವು ದಿನ ಒಡೆಯನ ಹೊಲದಲ್ಲಿ ದುಡೀತಾನೆ, ಯಾವುದು ತನಗೆ ಯಾವುದು ಒಡೆಯನಿಗೆ ಅನ್ನೋದು ಜಾಗದಲ್ಲೇ ಬೇರೆ ಬೇರೆ ಕಾಣತ್ತೆ. ಗುಲಾಮನಿಗೆ ಎಲ್ಲಾ ದುಡಿಮೆನೂ ಒಡೆಯನಿಗೇ ಅಂತ ಕಾಣತ್ತೆ, ಅವನ ಸ್ವಂತ ಊಟಕ್ಕಾಗುವಷ್ಟನ್ನ ದುಡಿದಿದ್ದೂ ಬಿಟ್ಟಿ ಅನ್ಸತ್ತೆ. ಕೂಲಿ ಕೆಲಸದಲ್ಲಿ ಉಲ್ಟಾ, ಬಿಟ್ಟಿ ದುಡಿದ ಭಾಗಕ್ಕೂ ದುಡ್ಡು ಸಿಕ್ಕಿದೆ ಅಂತ ಕಾಣತ್ತೆ. ಈಗ ನಮ್ಮ ಗದ್ದೆ ಕಣಕ್ಕೆ ಬನ್ನಿ. ಗೇಣಿ ಒಕ್ಕಲು ಭತ್ತ ಬಡಿದು ರಾಶಿ ಹಾಕಿದ್ಮೇಲೆ ಒಡೆಯರ ಭತ್ತ ಅಳೆದು ಹೊರಗೆ ಹೋಗೋದನ್ನ ಅವನ ಮಕ್ಕಳು ಕೂಡ ನೋಡ್ತಿದ್ರು. ಶೋಷಣೆ ಕಣ್ಣಿಗೆ ಕಾಣ್ತಿತ್ತು. ಕಾಣ್ತಿದ್ದ ಮೇಲೆ ಅದನ್ನ ಒಪ್ಪಿಸೋಕೆ ಬೇರೇನೋ ಬೇಕು, ಒಡೆಯ-ಒಕ್ಕಲು ಸಂಬಂಧ ಅಂದ್ರೆ ಅಪ್ಪ-ಮಕ್ಕಳ ಸಂಬಂಧ, ದೇವರ ಮುಂದೆ ಆದ ಮಾತು, ಜಾತಿಯ ಮೇಲು-ಕೀಳು, ಇದೆಲ್ಲ ಬೇಕಾಗ್ತಿತ್ತು. ಅದೂ ಸಾಲದಿದ್ರೆ ಮುಂದಿನ ವರ್ಷ ಗದ್ದೆ ಬಿಡಿಸ್ತೀನಿ ಅನ್ನೋ ಹೆದರಿಕೆ, ಚಾಲಗೇಣಿ ಅಂದ್ರೆ ವರ್ಷ ವರ್ಷದ ಗೇಣಿ, ಆ ಕತ್ತಿ ಯಾವಾಗ್ಲೂ ತಲೆ ಮೇಲೆ. ಐಡಿಯಾಲಜಿ ಯಾವತ್ತೂ ಒಂಟಿಯಾಗಿ ಕೆಲಸ ಮಾಡಲ್ಲ ಅನ್ನೋದನ್ನ ಇಲ್ಲಿ ಮರೀಬಾರ್ದು, ಅದರ ಹಿಂದೆ ಸಾಲ, ಬಿಡಿಸೋ ಹೆದರಿಕೆ, ಪೊಲೀಸು ಇದ್ದೇ ಇರತ್ತೆ. ಆದ್ರೆ ಕೂಲಿ ಮತ್ತು ಪಾಲಿನ ಪದ್ಧತಿಗೆ ಧರ್ಮದ ಸಹಾಯ ಅಷ್ಟು ಬೇಕಾಗಲ್ಲ, ಅಲ್ಲಿ ಲೆಕ್ಕದ ಪುಸ್ತಕವೇ ಆ ಕೆಲಸ ಮಾಡಿಬಿಡತ್ತೆ. ನಿಮ್ಮಪ್ಪ ಮೋಸ ಹೋದ ಮನುಷ್ಯ ಅಲ್ಲ ಅಂತ ನಾನು ಹೇಳೋದು ಇದಕ್ಕೇ, ಅವರಿಗೆ ಕಾಣ್ತಿರೋದು ಆ ವ್ಯವಸ್ಥೆ ನಿಜವಾಗ್ಲೂ ತೋರಿಸೋ ಮುಖ.

ಎರಡನೇ ಪ್ರಶ್ನೆಗೆ ಬರ್ತೀನಿ. ಎಲ್ಲಾನೂ ಆರ್ಥಿಕತೆನೇ ತೀರ್ಮಾನಿಸತ್ತೆ ಅನ್ನೋದಕ್ಕೆ ಜನ ಸಾಮಾನ್ಯವಾಗಿ ಮಾರ್ಕ್ಸ್ ಬರೆದ 1859ರ ಒಂದು ಮುನ್ನುಡಿ ತೋರಿಸ್ತಾರೆ, ಮನುಷ್ಯರ ಪ್ರಜ್ಞೆ ಅವರ ಇರುವಿಕೆಯನ್ನ ನಿರ್ಧರಿಸಲ್ಲ, ಅವರ ಸಾಮಾಜಿಕ ಇರುವಿಕೆಯೇ ಪ್ರಜ್ಞೆಯನ್ನ ನಿರ್ಧರಿಸತ್ತೆ ಅಂತ ಅಲ್ಲಿದೆ. ಆದ್ರೆ ಅದೇ ಪ್ಯಾರಾದಲ್ಲಿ ಸ್ವಲ್ಪ ಮುಂದೆ ಹೋದ್ರೆ ಕಾನೂನು, ರಾಜಕೀಯ, ಧರ್ಮ, ಕಲೆ, ತತ್ವಶಾಸ್ತ್ರ ಅನ್ನೋ ಐಡಿಯಾಲಜಿಯ ರೂಪಗಳಲ್ಲೇ ಮನುಷ್ಯರಿಗೆ ಈ ಸಂಘರ್ಷದ ಅರಿವಾಗೋದು, ಅದರಲ್ಲೇ ಅವರು ಅದನ್ನ ಹೋರಾಡಿ ಮುಗಿಸೋದು ಅಂತಾನೂ ಇದೆ. ಈ ಎರಡನೇ ಭಾಗವನ್ನ ಯಾರೂ ಓದಲ್ಲ, ನಂಗೆ ಅದೇ ಜಾಸ್ತಿ ಮುಖ್ಯ. ಎಂಗೆಲ್ಸ್ ಕೂಡ 1890ರಲ್ಲಿ ಜೋಸೆಫ್ ಬ್ಲಾಕ್‌ಗೆ ಬರೆದ ಪತ್ರದಲ್ಲಿ ಆರ್ಥಿಕ ಅಂಶವೊಂದೇ ನಿರ್ಣಾಯಕ ಅಂತ ತಿರುಚಿದ್ರೆ ನಮ್ಮ ಮಾತು ಅರ್ಥವಿಲ್ಲದ್ದಾಗತ್ತೆ ಅಂತ ಬೇಸರದಿಂದ್ಲೇ ಹೇಳಿದ್ರು. ಹಸಿವು ತಾನಾಗೇ ಹೋರಾಟ ಆಗಲ್ಲ. ಹಸಿದವನಿಗೆ ಇದು ಅನ್ಯಾಯ ಅನ್ನಿಸ್ಬೇಕು, ಹಂಗನ್ನಿಸೋಕೆ ಅವನ ಹತ್ರ ಇರೋದು ಅವನು ಬೆಳೆದ ಸಮಾಜದ ಮಾತುಗಳೇ, ಧರ್ಮ, ಮರ್ಯಾದೆ, ನ್ಯಾಯ, ಕೊಟ್ಟ ಮಾತು. ಅಂದ್ರೆ ವರ್ಗ ಹೋರಾಟ ಐಡಿಯಾಲಜಿಯ ಒಳಗೇ ನಡೆಯೋದು, ಹೊರಗೆ ಎಲ್ಲೋ ಶುದ್ಧವಾದ ಜಾಗದಲ್ಲಲ್ಲ.

ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಒಳ್ಳೇ ಉದಾಹರಣೆ ಬೇಕಾ? 1930ರ ಉಪ್ಪಿನ ಸತ್ಯಾಗ್ರಹ ನಿಮ್ಮ ಅಂಕೋಲಾದಲ್ಲೇ ಆಯ್ತು, ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ. ಭೂಮಿ ಇದ್ದವರು ಸರ್ಕಾರಕ್ಕೆ ತೀರ್ವೆ ಕಟ್ಟಲ್ಲ ಅಂದ್ರು, ಜಮೀನು, ಮನೆ, ದನಕರು ಜಪ್ತಿ ಆಯ್ತು, ಹೆಂಗಸರು ಹೊರಗೆ ಬಂದು ನಿಂತ್ರು, ಒಕ್ಕಲುಗಳೂ ಜೊತೆಗಿದ್ರು. ಆ ತ್ಯಾಗ ನೂರಕ್ಕೆ ನೂರು ನಿಜ. ರಾಷ್ಟ್ರೀಯತೆ ಅನ್ನೋ ವಿಚಾರ ಒಡೆಯ-ಒಕ್ಕಲು ಇಬ್ಬರನ್ನೂ ಒಂದು ಮಾಡ್ತು, ಅದೇ ಹೊತ್ತಿಗೆ ಸರ್ಕಾರಕ್ಕೆ ತೀರ್ವೆ ಕೊಡಬಾರ್ದು ಅಂದ್ರೆ ಒಡೆಯನಿಗೆ ಗೇಣಿ ಯಾಕೆ ಕೊಡಬೇಕು ಅನ್ನೋ ಪ್ರಶ್ನೆಯನ್ನ ಪಕ್ಕಕ್ಕಿಡೋ ಕೆಲಸಾನೂ ಮಾಡ್ತು. ಎರಡೂ ಒಟ್ಟಿಗೆ. ಆದ್ರೆ ಒಮ್ಮೆ ಕಲಿತ ಮಾತು ಯಾರಪ್ಪನ ಸೊತ್ತೂ ಅಲ್ಲ. ಸ್ವಲ್ಪ ವರ್ಷದಲ್ಲೇ ಇದೇ ನೆಲದಲ್ಲಿ ದಿನಕರ ದೇಸಾಯಿಯವರು ರೈತರನ್ನ ಸಂಘಟಿಸಿದ್ರು, ಬ್ರಿಟಿಷ್ ಸರ್ಕಾರ ಅವರನ್ನ ಜಿಲ್ಲೆಯಿಂದ್ಲೇ ಗಡೀಪಾರು ಮಾಡ್ತು. ಅವರು ಮಾರ್ಕ್ಸ್‌ವಾದಿ ಅಲ್ಲ, ಭಾರತ ಸೇವಕ ಸಮಾಜದವರು (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ), ಮುಂಬೈನಲ್ಲಿ ಹಡಗು ಕಾರ್ಮಿಕರ ನಡುವೆ ಕೆಲಸ ಮಾಡಿ ಬಂದವರು, ಆದ್ರೆ ಗೇಣಿ ಒಕ್ಕಲಿಗೆ ಭೂಮಿ ಸಿಗಬೇಕು ಅನ್ನೋದನ್ನ ಇಲ್ಲಿನ ಹಾಲಕ್ಕಿ ಒಕ್ಕಲಿಗ, ನಾಮಧಾರಿ ಕೇರಿಗಳಿಗೆ ಅರ್ಥ ಆಗೋ ಕನ್ನಡದಲ್ಲಿ ಹೇಳಿದ್ರು.

ಸಿದ್ದಾಪುರದ ಗಡಿ ದಾಟಿದ್ರೆ ಸಾಗರ ತಾಲೂಕಿನ ಕಾಗೋಡು. 1951ರ ಸತ್ಯಾಗ್ರಹ ಶುರುವಾಗಿದ್ದು ಯಾವ ವಿಷಯಕ್ಕೆ ಅಂತ ನೆನಪಿಡಿ. ಗೇಣಿ ಅಳೆಯೋ ಕೊಳಗದ ಗಾತ್ರಕ್ಕೆ! ದೀವರ ಒಕ್ಕಲುಗಳು ಮೊದಲು ಕೇಳಿದ್ದು ಗೇಣಿನೇ ಕೊಡಲ್ಲ ಅಂತಲ್ಲ, ಸರಿಯಾದ ಅಳತೆಯ ಕೊಳಗದಲ್ಲಿ ಅಳೀರಿ, ನಮ್ಮನ್ನ ಮರ್ಯಾದೆಯಿಂದ ನಡೆಸ್ಕೊಳ್ಳಿ ಅಂತ. ಒಡೆಯರ ನ್ಯಾಯದ ಒಳಗೇ ನಿಂತು ಕೇಳಿದ ಮಾತು ಅದು, ನೀವೇ ಹೇಳೋ ಧರ್ಮದ ಪ್ರಕಾರ ನಡೀರಿ ಅಂತ. ಕೊಳಗದ ಮಾತನ್ನ ಒಡೆಯರು ಒಪ್ಪಲಿಲ್ಲ, ಜಮೀನು ಬಿಡಿಸೋಕೆ ಹೊರಟ್ರು, ರೈತ ನಾಯಕ ಎಚ್. ಗಣಪತಿಯಪ್ಪನವರ ಜೊತೆ ಸಮಾಜವಾದಿಗಳು ಬಂದ್ರು, ಲೋಹಿಯಾ ಬಂದು ಬಂಧನಕ್ಕೊಳಗಾದ್ರು, ಆ ಹೊತ್ತಿಗೆ ಮಾತು ಕೊಳಗ ದಾಟಿ ಉಳುವವನೇ ಹೊಲದೊಡೆಯ ಅನ್ನೋದಕ್ಕೆ ಬಂದಿತ್ತು. ದೇವರಾಜ ಅರಸು ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಆಮೇಲಿನ ಭೂನ್ಯಾಯಮಂಡಳಿಗಳು, ನಮ್ಮ ಜಿಲ್ಲೆಯಲ್ಲಿ ಒಕ್ಕಲುಗಳ ಹೆಸರಿಗೆ ಬಂದ ಗದ್ದೆಗಳು, ಇದಕ್ಕೆಲ್ಲ ಅದು ದಾರಿ ಮಾಡ್ತು. ಯಾರಾದ್ರೂ ಮೊದಲ ದಿನವೇ ಆ ಒಕ್ಕಲುಗಳ ಹತ್ರ ಹೋಗಿ ಗೇಣಿ ಅನ್ನೋದೇ ಕಳ್ಳತನ, ಕೊಳಗದ ಬಗ್ಗೆ ಮಾತಾಡೋ ನಿಮ್ಮದು ಮಿಥ್ಯಾ ಪ್ರಜ್ಞೆ ಅಂದಿದ್ರೆ ಏನಾಗ್ತಿತ್ತು ಯೋಚಿಸಿ.

ಇಲ್ಲಿ ಗ್ರಾಂಶಿ ನೆನಪಾಗ್ತಾರೆ. ಇಟಲಿಯ ಸಾರ್ಡಿನಿಯಾದ ಬಡ ಕುಟುಂಬದಿಂದ ಬಂದವರು, ಕಮ್ಯುನಿಸ್ಟ್ ಪಕ್ಷದ ನಾಯಕ, 1926ರಲ್ಲಿ ಮುಸೊಲಿನಿ ಸರ್ಕಾರ ಜೈಲಿಗೆ ಹಾಕ್ತು, ಅಲ್ಲಿ 1929ರಿಂದ 1935ರ ತನಕ ನೋಟ್‌ಬುಕ್ ತುಂಬಾ ಬರೆದ್ರು, ಆರೋಗ್ಯ ಪೂರ್ತಿ ಹಾಳಾಗಿ 1937ರಲ್ಲಿ ತೀರಿಕೊಂಡ್ರು. ಅವರು ಹೇಳೋದು, ದುಡಿಯೋ ಮನುಷ್ಯನಲ್ಲಿ ಎರಡು ಪ್ರಜ್ಞೆ ಒಟ್ಟಿಗಿರತ್ತೆ, ಒಂದು ಅವನ ಬಾಯಲ್ಲಿರೋದು, ಹಿಂದಿನವರಿಂದ ಬಂದು ವಿಮರ್ಶೆ ಇಲ್ಲದೆ ಒಪ್ಕೊಂಡಿದ್ದು, ಇನ್ನೊಂದು ಅವನ ಕೈಯಲ್ಲಿರೋದು, ಜೊತೆಗಾರರ ಜೊತೆ ಸೇರಿ ಕೆಲಸ ಮಾಡೋವಾಗ ಅವನ ನಡವಳಿಕೆಯಲ್ಲಿ ಕಾಣೋದು. ನಿಮ್ಮಪ್ಪ ಮಾಲಕರನ್ನ ಹೊಗಳೋದನ್ನ ನೀವು ಕೇಳಿದೀರಿ. ಬೋಟಲ್ಲಿ ಒಬ್ಬಂಗೆ ಕೈ ಪೆಟ್ಟಾಗಿ ಮನೇಲಿ ಕೂತ್ರೆ ಉಳಿದವರು ಏನ್ ಮಾಡ್ತಾರೆ, ತಾಂಡೇಲ ಯಾರನ್ನೋ ಸುಮ್ಮನೆ ಬಿಡಿಸಿದ್ರೆ ಏನ್ ಮಾಡ್ತಾರೆ, ಹವಾಮಾನ ಕೆಟ್ಟಾಗ ಹೋಗಲ್ಲ ಅಂತ ಹೇಳೋಕೆ ಯಾರು ಮುಂದೆ ನಿಲ್ತಾರೆ, ಅದನ್ನ ಕೇಳಿದೀರಾ? ಆ ನಡವಳಿಕೆಯಲ್ಲಿರೋ ಒಗ್ಗಟ್ಟೇ ಗ್ರಾಂಶಿ ಪ್ರಕಾರ ಹೊಸ ವಿಚಾರದ ಬೀಜ. ಎಲ್ಲ ಮನುಷ್ಯರೂ ತತ್ವಜ್ಞಾನಿಗಳೇ ಅಂತ ಅವರು ಬರೆದಿದ್ದು ಬರೀ ಚಂದಕ್ಕಲ್ಲ, ಇದೇ ಅರ್ಥದಲ್ಲಿ.

ಮದುವೆಗೆ ಕೊಟ್ಟ ದುಡ್ಡಿನ ವಿಷಯ. ಅದು ನಾಟಕ ಅಂತ ನಾನು ಹೇಳಲ್ಲ, ಆ ಮನುಷ್ಯ ಮನಸಾರೆ ಕೊಟ್ಟಿರಬಹುದು. ಗ್ರಾಂಶಿ ಯಜಮಾನಿಕೆ ಅಂತ ಕರೆಯೋದು ಬರೀ ಬಲಾತ್ಕಾರವನ್ನಲ್ಲ, ಒಪ್ಪಿಗೆ ಗಳಿಸೋದನ್ನ, ಒಪ್ಪಿಗೆ ಗಳಿಸ್ಬೇಕಾದ್ರೆ ಮುಂದಾಳು ವರ್ಗ ನಿಜವಾಗ್ಲೂ ಏನಾದ್ರೂ ಬಿಟ್ಟುಕೊಡಬೇಕು ಅಂತ ಅವರು ಸ್ಪಷ್ಟವಾಗಿ ಬರೀತಾರೆ. ಕೊಡದೇ ಇದ್ರೆ ಅದು ನಿಲ್ಲಲ್ಲ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದ 61 ದಿನ ಆದಾಯ ಇಲ್ಲ, ಬ್ಯಾಂಕಿಗೆ ಹೋದ್ರೆ ಖಲಾಸಿಗೆ ಸಾಲ ಕೊಡೋರು ಯಾರು? ಆ ಜಾಗದಲ್ಲಿ ಮಾಲಕರ ಮುಂಗಡವೇ ಆಸರೆ, ಅದೇ ಮುಂಗಡ ಮುಂದಿನ ಸೀಸನ್ನಿಗೆ ಬೇರೆ ಬೋಟ್ ಹತ್ತದ ಹಂಗೆ ಕಟ್ಟಿಹಾಕತ್ತೆ. ನಿಮ್ಮಪ್ಪನ ಕೃತಜ್ಞತೆ ಮತ್ತು ಅವರ ಕಟ್ಟು, ಎರಡೂ ಒಂದೇ ದುಡ್ಡಿನ ಒಳಗಿದೆ. ಕೃತಜ್ಞತೆಗೆ ಬೈದ್ರೆ ಕಟ್ಟು ಬಿಚ್ಚಲ್ಲ. ಬೇರೆ ಕಡೆ ಕಡಿಮೆ ಬಡ್ಡಿಗೆ ಸಾಲ ಸಿಗೋ ಹಂಗಾದ್ರೆ, ರಜೆ ತಿಂಗಳಿಗೆ ಪರಿಹಾರ ಅಂತ ಬೋಟ್ ಕಾರ್ಮಿಕರ ಕೈಗೇ ನೇರ ಬಂದ್ರೆ ಆ ಕೃತಜ್ಞತೆ ತಾನಾಗೇ ಬೇರೆ ಬಣ್ಣ ತಗೊಳ್ಳತ್ತೆ. ಹಾಗೆ ನೋಡಿದ್ರೆ ಮಾಲಕರೂ ಎಷ್ಟೋ ಸಲ ಬೋಟ್ ಸಾಲ, ಡೀಸೆಲ್ ರೇಟು, ಹರಾಜಿನ ದಲ್ಲಾಳಿಗಳ ನಡುವೆ ಸಿಕ್ಕಿಬಿದ್ದವರೇ, ಒಂದೇ ಬೋಟ್ ಇಟ್ಕೊಂಡಿರೋರನ್ನ ದೊಡ್ಡ ಬಂಡವಾಳಗಾರರ ಸಾಲಿಗೆ ಸೇರಿಸಿ ಮಾತಾಡೋದು ತಪ್ಪು ವಿಶ್ಲೇಷಣೆ.

ಇನ್ನೊಂದು ವಿಷಯ, ಇದು ಈಗ ನಮ್ಮ ಬಂದರುಗಳಲ್ಲಿ ಕಣ್ಣಿಗೆ ಕಾಣ್ತಿದೆ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬೋಟ್‌ಗಳಲ್ಲಿ ಜಾಸ್ತಿ ಆಗಿದಾರೆ, ಅವರಿಗೆ ಎಷ್ಟೋ ಕಡೆ ಪಾಲಿಲ್ಲ, ಗೊತ್ತುಮಾಡಿದ ಸಂಬಳ ಅಷ್ಟೇ. ನಮ್ಮವರ ಬಾಯಲ್ಲಿ ಅವರ ಬಗ್ಗೆ ಎಂಥ ಮಾತು ಬರತ್ತೆ ನಿಮಗೆ ಗೊತ್ತಿರತ್ತೆ. 1870ರ ಏಪ್ರಿಲ್‌ನಲ್ಲಿ ಮಾರ್ಕ್ಸ್ ಅಮೆರಿಕದಲ್ಲಿದ್ದ ಇಬ್ಬರು ಗೆಳೆಯರಿಗೆ ಬರೆದ ಪತ್ರದಲ್ಲಿ ಇಂಗ್ಲಿಷ್ ಕಾರ್ಮಿಕ ಮತ್ತು ಐರಿಶ್ ಕಾರ್ಮಿಕನ ಬಗ್ಗೆ ಹೇಳ್ತಾರೆ, ಐರಿಶ್‌ನವನು ಬಂದು ನಮ್ಮ ಕೂಲಿ ಇಳಿಸ್ತಾನೆ ಅಂತ ಇಂಗ್ಲಿಷ್‌ನವನಿಗೆ ದ್ವೇಷ, ತಾನು ಆಳೋ ದೇಶದವನು ಅನ್ನೋ ಹೆಮ್ಮೆ, ಆ ದ್ವೇಷವನ್ನ ಪತ್ರಿಕೆ, ಚರ್ಚು, ವ್ಯಂಗ್ಯಚಿತ್ರಗಳು ಆರದ ಹಂಗೆ ನೋಡ್ಕೊಳ್ತವೆ, ಅಷ್ಟು ಸಂಘಟನೆ ಇದ್ರೂ ಇಂಗ್ಲಿಷ್ ಕಾರ್ಮಿಕ ವರ್ಗ ಕೈಲಾಗದೆ ಕೂತಿರೋ ಗುಟ್ಟು ಇದೇ ಅಂತ. ಗಮನಿಸಿ, ಕೂಲಿ ಪೈಪೋಟಿ ಅನ್ನೋದು ಅಲ್ಲಿ ಕಲ್ಪನೆ ಅಲ್ಲ, ನಿಜ. ಐಡಿಯಾಲಜಿ ನಿಜದ ಮೇಲೇ ನಿಂತು ಅದರ ದಿಕ್ಕು ತಪ್ಪಿಸತ್ತೆ, ಕೂಲಿ ಕಮ್ಮಿ ಮಾಡಿದವನನ್ನ ಬಿಟ್ಟು ಕಮ್ಮಿ ಕೂಲಿಗೆ ಬಂದವನ ಕಡೆ ಸಿಟ್ಟು ತಿರುಗತ್ತೆ.

ಜಾತಿ ವಿಷಯದಲ್ಲಿ ನಮ್ಮ ಎಡಪಂಥ ಎಡವಿದ್ದೂ ಇಲ್ಲೇ. ಅದನ್ನ ಬರೀ ಮೇಲಿನ ಪದರ, ತಳಹದಿ (ಅಂದ್ರೆ ಆರ್ಥಿಕ ವ್ಯವಸ್ಥೆ) ಬದಲಾದ್ರೆ ತಾನಾಗೇ ಉದುರತ್ತೆ ಅಂತ ಬಹಳ ಜನ ನಂಬಿದ್ರು. ಅಂಬೇಡ್ಕರ್ 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಜಾತಿ ಬರೀ ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಅಂತ ಹೇಳಿದ್ರು. ಯಾರಿಗೆ ತೋಟ, ಯಾರಿಗೆ ತೋಟದ ಕೂಲಿ, ಶಿರಸಿ-ಸಿದ್ದಾಪುರ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ಸವಲತ್ತು ಕಾನೂನಲ್ಲೇ ಇದ್ದು, ಅದೇ ಕಾಡಂಚಲ್ಲಿ ತುಂಡು ಭೂಮಿ ಮಾಡ್ಕೊಂಡವನು ಅತಿಕ್ರಮಣದಾರನಾಗಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಮೂರು ತಲೆಮಾರಿನ ದಾಖಲೆ ಹುಡುಕ್ತಾ ಅಲೆಯೋದು, ಇದನ್ನ ಜಾತಿ ಬಿಟ್ಟು ಬರೀ ವರ್ಗದಿಂದ ವಿವರಿಸೋಕಾಗಲ್ಲ, ವರ್ಗ ಬಿಟ್ಟು ಬರೀ ಜಾತಿಯಿಂದಲೂ ಆಗಲ್ಲ. ಇದರ ಬಗ್ಗೆ ಬೇರೆನೇ ಬರೀಬೇಕು. ಫ್ರೆಂಚ್ ಮಾರ್ಕ್ಸ್‌ವಾದಿ ಚಿಂತಕ ಆಲ್ತುಸ್ಸೆರ್ 1970ರಲ್ಲಿ ಬರೆದ ಪ್ರಬಂಧವೂ ನಿಮ್ಮ ಸಿಲಬಸ್ಸಲ್ಲಿರತ್ತೆ, ಶಾಲೆ, ಕುಟುಂಬ, ಧರ್ಮಸಂಸ್ಥೆಗಳಲ್ಲಿ ದಿನಾ ಮಾಡೋ ಆಚರಣೆಗಳಿಂದಲೇ ಐಡಿಯಾಲಜಿ ಮೈಗೂಡತ್ತೆ ಅನ್ನೋದು ಅದರ ಒಳ್ಳೇ ಒಳನೋಟ, ಆದ್ರೆ ಅದನ್ನ ಓದಿದ್ರೆ ಹೊರಬರೋ ದಾರಿಯೇ ಇಲ್ಲ ಅನ್ಸತ್ತೆ, ಅದಕ್ಕೇ ನಾನು ಗ್ರಾಂಶಿ ಕಡೆಯವನು.

ಕೊನೇ ಪ್ರಶ್ನೆ, ಮಾರ್ಕ್ಸ್‌ವಾದನೂ ಐಡಿಯಾಲಜಿನೇ ಅಲ್ವಾ ಅನ್ನೋದು. ಮಾರ್ಕ್ಸ್ ಆ ಪದ ಬಳಸಿದ್ದು ಬಹುಪಾಲು ವಿಮರ್ಶೆಯ ಅರ್ಥದಲ್ಲಿ, ತಮ್ಮದಕ್ಕೆ ಆ ಹೆಸರಿಟ್ಕೊಳ್ಳಲಿಲ್ಲ. ಲೆನಿನ್ 1902ರಲ್ಲಿ ಅರ್ಥ ಬದಲಿಸಿದ್ರು, ಬೂರ್ಜ್ವಾ (ಬಂಡವಾಳಗಾರರ) ಐಡಿಯಾಲಜಿ ಇಲ್ಲಾ ಸಮಾಜವಾದಿ ಐಡಿಯಾಲಜಿ, ಮೂರನೇದಿಲ್ಲ ಅಂದ್ರು, ಕಾರ್ಮಿಕರು ತಾವಾಗೇ ಯೂನಿಯನ್ ಮಟ್ಟದ ಪ್ರಜ್ಞೆ ತನಕ ಮಾತ್ರ ಬರ್ತಾರೆ, ಸಮಾಜವಾದಿ ಪ್ರಜ್ಞೆ ಹೊರಗಿಂದ ಬರಬೇಕು ಅಂತಾನೂ ಅಂದ್ರು. 1905ರ ಕ್ರಾಂತಿ ಹೊತ್ತಿಗೆ ಕಾರ್ಮಿಕ ವರ್ಗ ಸಹಜವಾಗೇ ನಮ್ಮ ಕಡೆ ಒಲಿಯತ್ತೆ ಅಂತ ಬೇರೆ ಮಾತನ್ನೂ ಬರೆದ್ರು, ಆದ್ರೆ ಹೊರಗಿಂದ ತರೋ ಮಾತೇ ಪಕ್ಷಗಳಲ್ಲಿ ಉಳ್ಕೊಳ್ತು. ಅದು ಸ್ಟಾಲಿನ್ ಕಾಲದಲ್ಲಿ ಸರ್ಕಾರದ ಅಧಿಕೃತ ಪಠ್ಯವಾದಾಗ ಮಾರ್ಕ್ಸ್‌ವಾದ ಮಾರ್ಕ್ಸ್ ಟೀಕಿಸಿದ ಅರ್ಥದಲ್ಲೇ ಐಡಿಯಾಲಜಿ ಆಯ್ತು, ಆಳೋರ ವಿಚಾರ, ಆಳಿಸ್ಕೊಳ್ಳೋರು ಒಪ್ಪಲೇಬೇಕಾದ್ದು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಆಗಬಹುದು, ಆಗಿದೆ ಕೂಡ. ಆಗದಂಗೆ ತಡೆಯೋದು ಹೆಂಗೆ ಅನ್ನೋದಕ್ಕೆ 1845ರಲ್ಲಿ ಜರ್ಮನ್ ತತ್ವಜ್ಞಾನಿ ಫೊಯರ್‌ಬಾಖ್ ಬಗ್ಗೆ ಮಾರ್ಕ್ಸ್ ಬರೆದ ಟಿಪ್ಪಣಿಗಳಲ್ಲಿ ಮೂರನೇದು ಓದಿ. ಪರಿಸ್ಥಿತಿ ಮನುಷ್ಯರನ್ನ ರೂಪಿಸತ್ತೆ ಅನ್ನೋರು ಪರಿಸ್ಥಿತಿಯನ್ನ ಬದಲಿಸೋರು ಮನುಷ್ಯರೇ ಅನ್ನೋದನ್ನ, ಶಿಕ್ಷಕನೂ ಶಿಕ್ಷಣ ಪಡೀಬೇಕು ಅನ್ನೋದನ್ನ ಮರೀತಾರೆ ಅಂತ ಅದರಲ್ಲಿದೆ.

ನಿಮಗೆ ಒಂದು ಕೆಲಸ ಹೇಳ್ಲಾ? ಎಂಎಗೆ ಪ್ರಾಜೆಕ್ಟ್ ಮಾಡೋದಿದ್ರೆ ಪಾಲು ಲೆಕ್ಕದ ಮೇಲೇ ಮಾಡಿ. ಅಪ್ಪನಿಗೆ ಮಾಲಕರು ಒಳ್ಳೆಯವರೋ ಕೆಟ್ಟವರೋ ಅಂತ ಕೇಳಬೇಡಿ, ಆ ಪ್ರಶ್ನೆಗೆ ಅವರ ಉತ್ತರ ನಿಮಗೆ ಗೊತ್ತೇ ಇದೆ. ಹೋದ ಸೀಸನ್ನಿನ ಒಂದು ಟ್ರಿಪ್ಪಿನ ಲೆಕ್ಕ ಕೇಳಿ, ಎಷ್ಟಕ್ಕೆ ಹರಾಜಾಯ್ತು, ಡೀಸೆಲ್ ಎಷ್ಟು ಅಂತ ಯಾರು ಬರ್ಕೊಂಡ್ರು, ಆ ಪುಸ್ತಕ ಖಲಾಸಿಗಳಿಗೆ ನೋಡೋಕೆ ಸಿಗತ್ತಾ, ಮುಂಚೆ ರಂಪಣಿ ಕಾಲದಲ್ಲಿ ಅಜ್ಜ ಹೆಂಗೆ ಹಂಚ್ತಿದ್ರು, ಒಡಿಶಾ ಹುಡುಗರಿಗೆ ಯಾವ ಲೆಕ್ಕ. ಇದಕ್ಕೆಲ್ಲ ಅವರ ಹತ್ರ ಬೇಕಾದಷ್ಟು ಅಭಿಪ್ರಾಯ ಇರತ್ತೆ, ಸ್ಟಡಿ ಸರ್ಕಲ್‌ನವರಿಗಿಂತ ಜಾಸ್ತಿನೇ ಇರತ್ತೆ. ಬರೆದಿಟ್ಕೊಂಡು ಬನ್ನಿ, ‘ಕ್ಯಾಪಿಟಲ್’ನ ಕೂಲಿ ಮೇಲಿನ ಅಧ್ಯಾಯಗಳನ್ನ ಅದರ ಪಕ್ಕ ಇಟ್ಕೊಂಡು ಓದಿ, ಎಲ್ಲಿ ಮಾರ್ಕ್ಸ್ ಲೆಕ್ಕ ನಮ್ಮ ಬಂದರಿಗೆ ಹೊಂದಲ್ಲ ಅನ್ಸತ್ತೋ ಅದನ್ನ ಮೊದಲು ನಂಗೆ ಬರೀರಿ.